ಪುಕ್ಕಟೆ ಜಾಗದಲ್ಲಿ ಸಂಘದ ಜಾಲತಾಣ

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ಮೊಸಳೆ. ನಾಗೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ಗುಡಿಗಳು ಅಲ್ಲಿ ಅಕ್ಕಪಕ್ಕ ನಿಂತಿವೆ. ಒಂದನ್ನು ನೋಡಿಕೊಂಡು ಇನ್ನೊಂದನ್ನು ಕೆತ್ತಿದರೋ ಎಂಬಷ್ಟು ಹೋಲಿಕೆ. ಕಟ್ಟಿಸಿದವರ ಹೆಸರು, ವರ್ಷ ಹೇಳುವ ಶಾಸನ ಸಿಕ್ಕಿಲ್ಲ. ಶಿಲ್ಪದ ಶೈಲಿ ನೋಡಿ ಕ್ರಿ.ಶ. 1200ರ ಆಸುಪಾಸು, ಇಮ್ಮಡಿ ವೀರಬಲ್ಲಾಳನ ಕಾಲದ್ದು ಎಂದು ಹೇಳುತ್ತಾರೆ. ಇವತ್ತು ಈ ಗುಡಿಗಳನ್ನು ಅಂತರ್ಜಾಲದಲ್ಲಿ ಹುಡುಕಿದರೆ ವಿಕಿಮೀಡಿಯ ಕಾಮನ್ಸ್‌ನಲ್ಲಿ ಚಿತ್ರಗಳು ಸಿಗುತ್ತವೆ. ಕ್ಯಾಮೆರಾ ಹಿಡಿದು ಬಂದವರು ಯಾರ ಸಂಬಳವೂ ಇಲ್ಲದೆ ಏರಿಸಿದ ಚಿತ್ರಗಳವು. ಪ್ರತಿ ಚಿತ್ರದ ಕೆಳಗೂ ತೆಗೆದವರು ಯಾರು, ಯಾವತ್ತು ಎಂಬುದು ದಾಖಲಾಗಿದೆ.

ಊರಿನ ಸಂಘಗಳ ಜಾಲತಾಣಗಳಿಗೆ ಹೀಗೆ ದಾಖಲಾಗಿ ಉಳಿಯುವ ಭಾಗ್ಯ ಸಿಗುವುದು ಕಡಿಮೆ. ಯುವಕ ಸಂಘ, ಕ್ರಿಕೆಟ್ ತಂಡ, ರಂಗತಂಡ, ಹಳೆಯ ವಿದ್ಯಾರ್ಥಿಗಳ ಬಳಗ, ಯಾವುದನ್ನೇ ತೆಗೆದುಕೊಳ್ಳಿ: ಕಂಪ್ಯೂಟರ್ ಗೊತ್ತಿರುವ ಒಬ್ಬ ಹುಡುಗನೋ ಹುಡುಗಿಯೋ ಉತ್ಸಾಹದಿಂದ ಜಾಲತಾಣ ಮಾಡಿಕೊಡುತ್ತಾರೆ. ಸಂಘದಲ್ಲಿ ಅದಕ್ಕೆ ಹಣವಿರುವುದಿಲ್ಲ, ಹಾಗಾಗಿ ಪುಕ್ಕಟೆ ಜಾಗ ಹುಡುಕುತ್ತಾರೆ. ಆ ಪುಕ್ಕಟೆ ಜಾಗ ಎಲ್ಲಿಂದ ಬಂತು, ಅದರ ಖರ್ಚು ಯಾರು ಹೊತ್ತರು, ಅದರಲ್ಲಿ ಕನ್ನಡ ಹೇಗೆ ಉಳಿಯಿತು, ಹೇಗೆ ಅಳಿಯಿತು ಎಂಬ ಕತೆ ಸುಮಾರು ಮೂವತ್ತು ವರ್ಷದ್ದು.

ಭಾರತದ ಜನಸಾಮಾನ್ಯರಿಗೆ ಅಂದಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಅಂತರ್ಜಾಲ ತೆರೆದದ್ದು 1995ರ ಆಗಸ್ಟ್ 15ರಂದು. ಅದರ ಹಿಂದಿನ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಬೊಹ್ನೆಟ್ ಮತ್ತು ಜಾನ್ ರೆಜ್ನರ್ ಒಂದು ಪುಟ್ಟ ಕಂಪನಿ ಕಟ್ಟಿದ್ದರು. ಮುಂದೆ ಅದಕ್ಕೆ ಜಿಯೋಸಿಟೀಸ್ ಎಂಬ ಹೆಸರಾಯಿತು. ಯಾರು ಬೇಕಾದರೂ ಹೆಸರು ನೋಂದಾಯಿಸಿ ಒಂದಿಷ್ಟು ಜಾಗ ಪಡೆಯಬಹುದು, ಬಾಡಿಗೆ ಇಲ್ಲ. ಜಾಗವನ್ನು ಅವರು ಬಡಾವಣೆಗಳಾಗಿ ವಿಂಗಡಿಸಿದ್ದರು: ಸಾಹಿತ್ಯ, ಶಿಕ್ಷಣ, ತತ್ವಶಾಸ್ತ್ರಕ್ಕೆ ಅಥೆನ್ಸ್, ಆಟೋಟಕ್ಕೆ ಕೊಲೊಸಿಯಂ, ಸಿನಿಮಾಕ್ಕೆ ಹಾಲಿವುಡ್, ಕಂಪ್ಯೂಟರಿಗೆ ಸಿಲಿಕಾನ್ ವ್ಯಾಲಿ. ಬಡಾವಣೆಯಲ್ಲಿ ನಾಲ್ಕು ಅಂಕಿಯ ಮನೆ ನಂಬರು. ಹೊಸದಾಗಿ ಬಂದವರಿಗೆ ಕೈಹಿಡಿದು ಕಲಿಸಲು ಅಲ್ಲಿನ ಹಳಬರೇ ಸ್ವಯಂಸೇವಕರು. ಈ ಏರ್ಪಾಡು ನನಗೆ ಇಂದಿಗೂ ಇಷ್ಟ. ಒಂದು ಸಂಘವೆಂದರೆ ನೆರೆಹೊರೆ ಎಂಬುದನ್ನು ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆಯದು. ಆಮೇಲೆ ಬಂದ ಯಾವ ಕಂಪನಿಯೂ ಅಷ್ಟು ಮನಸ್ಸಿಟ್ಟು ಅದನ್ನು ಮಾಡಲಿಲ್ಲ.

ಖರ್ಚು ಹೊತ್ತದ್ದು ಜಾಹೀರಾತು. ಪುಟ ತೆರೆದೊಡನೆ ಮೇಲಕ್ಕೆ ಹಾರಿ ಬರುವ ಚೌಕಗಳಿಂದ ಬಂದ ದುಡ್ಡೇ ಜಾಗದ ಬಾಡಿಗೆ. 1999ರ ಜನವರಿಯಲ್ಲಿ ಯಾಹೂ ಸುಮಾರು 357 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಜಿಯೋಸಿಟೀಸನ್ನು ಕೊಳ್ಳುವುದಾಗಿ ಪ್ರಕಟಿಸಿತು. ಅದೇ ವರ್ಷ ಬಂದ ಹೊಸ ಷರತ್ತುಗಳು ಸದಸ್ಯರ ಬರಹ, ಚಿತ್ರಗಳ ಮೇಲೆ ಯಾಹೂವಿಗೆ ಹಕ್ಕು ಕೊಡುವಂತಿದ್ದವು. ಜನ ರೊಚ್ಚಿಗೆದ್ದರು, ಪುಟಗಳನ್ನು ಖಾಲಿ ಮಾಡಿ ಹೊರನಡೆದರು. ಕಂಪನಿ ಷರತ್ತು ತಿದ್ದಿತು. ಯಾಹೂ ಕಾಲದಲ್ಲಿ ಪುಕ್ಕಟೆ ಜಾಗ 15 ಎಂಬಿ. ಈಗಿನ ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೊಗಳಿಗೆ ಅದು ತುಂಬಿಹೋಗುತ್ತದೆ. ಅಂದು ಅಷ್ಟರಲ್ಲೇ ಪದಾಧಿಕಾರಿಗಳ ಪಟ್ಟಿ, ವಾರ್ಷಿಕೋತ್ಸವದ ವರದಿ, ಕುಗ್ಗಿಸಿದ ಹತ್ತಿಪ್ಪತ್ತು ಚಿತ್ರಗಳು, ಎಷ್ಟು ಜನ ಬಂದರೆಂದು ಎಣಿಸುವ ಪುಟ್ಟ ಕೌಂಟರು, ಎಲ್ಲವೂ ಹಿಡಿಸುತ್ತಿದ್ದವು.

ಕನ್ನಡ ಸಂಘಗಳಿಗೆ ಜಾಗಕ್ಕಿಂತ ದೊಡ್ಡ ತೊಡಕು ಅಕ್ಷರದ್ದು. 1996ರಲ್ಲಿ ಯು.ಬಿ. ಪವನಜ ‘ವಿಶ್ವಕನ್ನಡ’ ಆರಂಭಿಸಿ ಕನ್ನಡದಲ್ಲಿ ಜಾಲತಾಣ ಸಾಧ್ಯವೆಂದು ತೋರಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ, ಡಿಟಿಪಿ ಅಂಗಡಿಗಳಿಗೆ ಹೊಕ್ಕಿತು. ಆದರೆ ಆ ದಿನಗಳ ಕನ್ನಡ ಫಾಂಟ್‌ಗಳೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಬಿಡಿಭಾಗಗಳನ್ನು ಕೂರಿಸಿದ್ದವು. ಒಂದು ಸ್ಥಾನದಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಒತ್ತಕ್ಷರ. ಓದುಗನ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದಕ್ಕೇ ಪ್ರತಿ ಕನ್ನಡ ತಾಣದ ತುದಿಯಲ್ಲೂ ‘ಫಾಂಟ್ ಇಳಿಸಿಕೊಳ್ಳಿ’ ಎಂಬ ಕೊಂಡಿ. ಪುಟದ ಜೊತೆಗೇ ಫಾಂಟ್ ಕಳಿಸುವ ಡೈನಾಮಿಕ್ ಫಾಂಟ್ ತಂತ್ರ ಬಂತು. ನೆಟ್‌ಸ್ಕೇಪಿಗೆ ಒಂದು ಬಗೆ, ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಇನ್ನೊಂದು ಬಗೆ. ಹವ್ಯಾಸಕ್ಕೆ ತಾಣ ನೋಡಿಕೊಳ್ಳುವವರು ಎರಡನ್ನೂ ತಯಾರಿಸಿ ಇಡಬೇಕಿತ್ತು. ಬಹಳಷ್ಟು ಸಂಘಗಳು ಸುಸ್ತಾಗಿ ಇಂಗ್ಲಿಷಿಗೇ ಶರಣಾದವು, ಇಲ್ಲವೇ ಕನ್ನಡ ಬರಹವನ್ನು ಚಿತ್ರವಾಗಿಸಿ ಅಂಟಿಸಿದವು. ಇಂಟರ್‌ನೆಟ್ ಅಂಗಡಿಯಲ್ಲಿ ಗಂಟೆಗಿಷ್ಟು ಎಂದು ದುಡ್ಡು ತೆತ್ತು, ಫ್ಲಾಪಿಯಲ್ಲಿ ಕಡತ ಹೊತ್ತೊಯ್ದು, ಆ ಫಾಂಟ್‌ಗಳ ಜೊತೆ ಗುದ್ದಾಡಿದವರ ಶ್ರಮವನ್ನು ಕನ್ನಡದ ಕೆಲಸವೆಂದು ನಾವಿನ್ನೂ ಸರಿಯಾಗಿ ಗುರುತಿಸಿಲ್ಲ.

ಬಿಡುಗಡೆ ಬಂದದ್ದು ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸ್ಥಾನ ಕೊಡುವ ಯೂನಿಕೋಡಿನಿಂದ. ಕನ್ನಡಕ್ಕೆ ಅದರಲ್ಲಿ ತೊಂಬತ್ತರ ದಶಕದ ಆರಂಭದಲ್ಲೇ ಸ್ಥಾನವಿತ್ತು. ಆದರೆ 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟ್ ಹೊತ್ತು ತಂದ ಮೇಲೆಯೇ ಸಾಮಾನ್ಯರ ಕಂಪ್ಯೂಟರಿನಲ್ಲಿ ಅದು ಕಾಣತೊಡಗಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು.

ಅಷ್ಟರಲ್ಲಿ ಜಿಯೋಸಿಟೀಸಿನ ದಿನ ತುಂಬುತ್ತಿತ್ತು. 2009ರ ಏಪ್ರಿಲ್‌ನಲ್ಲಿ ಮುಚ್ಚುವ ಸುದ್ದಿ ಹೊರಬಿತ್ತು, ಅಕ್ಟೋಬರ್ 26ರಂದು ಬಾಗಿಲು ಹಾಕಿತು. ಯಾಹೂ ಎಚ್ಚರಿಕೆಯ ಮಿಂಚಂಚೆ ಕಳಿಸಿದರೂ ಹತ್ತು ವರ್ಷ ಹಿಂದಿನ ವಿಳಾಸವನ್ನು ತೆರೆದು ನೋಡುವವರು ಎಷ್ಟು ಜನ? ಜೇಸನ್ ಸ್ಕಾಟ್ ಮುಂದಾಳತ್ವದ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಹಗಲಿರುಳು ಪುಟಗಳನ್ನು ಇಳಿಸಿಕೊಂಡು, ಮರುವರ್ಷ 600 ಜಿಬಿಗೂ ಮೀರಿದ ಪ್ರತಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 1996ರಿಂದ ಕೆಲಸ ಮಾಡುತ್ತಿರುವ ಇಂಟರ್‌ನೆಟ್ ಆರ್ಕೈವ್ ಕೂಡ ಒಂದಷ್ಟನ್ನು ಕಾಪಾಡಿತು.

ಹೀಗೆ ಉಳಿದ ಹಳೆಯ ಕನ್ನಡ ಪುಟಗಳನ್ನು ತೆರೆದರೆ ಬಹುಪಾಲು ಕಾಣುವುದು ಆ ರೋಮನ್ ರಾಶಿಯೇ. ಫಾಂಟ್ ಕಳೆದುಹೋಗಿದೆ, ಬರಹ ಉಳಿದಿದೆ. ಆದರೆ ಅದು ಸತ್ತಿಲ್ಲ. ಯಾವ ಫಾಂಟಿನದೆಂದು ಗುರುತಿಸಿದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಬಹುದು. ಅಲ್ಲೊಂದು ಸೂಕ್ಷ್ಮವಿದೆ: ‘ಕರ್ನಾಟಕ’ ಎಂಬಲ್ಲಿಯ ಅರ್ಕಾವೊತ್ತು ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಂತೆ ‘ನಾ’ ಆದ ಮೇಲೆ ಕೂರುತ್ತದೆ, ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮದಂತೆ ಮೊದಲೇ ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಕೂರಿಸಬೇಕು. ತಪ್ಪಿದರೆ ಊರ ಹೆಸರು, ಜನರ ಹೆಸರು ಎಲ್ಲವೂ ಕೆಡುತ್ತವೆ. ಎಚ್ಚರದಿಂದ ಮಾಡಿದರೆ ಮರಳಿ ಓದಬಹುದು, ಆದ್ದರಿಂದ ಯಾರ ಮನೆಯ ಬೀರುವಿನಲ್ಲಾದರೂ ಸಂಘದ ಹಳೆಯ ತಾಣದ ಸಿಡಿ ಇದ್ದರೆ ಎಸೆಯಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಆಮೇಲಿನ ಪುಕ್ಕಟೆ ಜಾಗಗಳ ಕತೆಯನ್ನು ಬೇಗ ಹೇಳಬಹುದು. ಗೂಗಲ್ 2008ರಲ್ಲಿ ‘ಸೈಟ್ಸ್’ ತೆರೆಯಿತು. ಅದರ ಹಳೆಯ ರೂಪವನ್ನು ಮುಂದೆ ಕೊನೆಗಾಣಿಸಿ ಹೊಸದಕ್ಕೆ ಸಾಗಿಸಿಕೊಳ್ಳಿ ಎಂದಿತು. 000ವೆಬ್‌ಹೋಸ್ಟ್ ವಿದ್ಯಾರ್ಥಿಗಳ ಅಚ್ಚುಮೆಚ್ಚಾಗಿತ್ತು. 2015ರಲ್ಲಿ ಅದರ ಸುಮಾರು 1.3 ಕೋಟಿ ಬಳಕೆದಾರರ ವಿವರ ಸೋರಿದ್ದು ಬಯಲಾಯಿತು, ಪಾಸ್‌ವರ್ಡ್‌ಗಳಿಗೆ ಗೂಢಲಿಪಿಯ ರಕ್ಷಣೆಯೂ ಇರಲಿಲ್ಲ. ತಾಣಕ್ಕೆ ಪುಕ್ಕಟೆ ಹೆಸರು ಬೇಕೆಂದವರು ಪೆಸಿಫಿಕ್ ಸಾಗರದ ಪುಟ್ಟ ದ್ವೀಪಸಮೂಹ ಟೊಕೆಲಾವ್‌ನ ‘.ಟಿಕೆ’ ಹಿಡಿದರು. ವಂಚಕರೂ ಅದನ್ನೇ ಹಿಡಿದರು. ಮೆಟಾ ಕಂಪನಿ ನ್ಯಾಯಾಲಯಕ್ಕೆ ಹೋಯಿತು, 2023ರಲ್ಲಿ ಹೊಸ ನೋಂದಣಿ ನಿಂತಿತು.

ಈಗ ಸಣ್ಣ ಸಂಘವೊಂದು ನನ್ನನ್ನು ಕೇಳಿದರೆ ಗಿಟ್‌ಹಬ್ ಪೇಜಸ್‌ನಂಥ ಕಡೆ ಸರಳ ಪುಟಗಳನ್ನು ಇಡಿ ಎನ್ನುತ್ತೇನೆ. 2008ರಿಂದ ಇರುವ ಈ ಸೇವೆಯಲ್ಲಿ ತಾಣದ ಗಾತ್ರಕ್ಕೆ 1 ಜಿಬಿ ಮಿತಿ. ಪುಟಗಳ ಪೂರ್ತಿ ಪ್ರತಿ ನಮ್ಮ ಕಂಪ್ಯೂಟರಿನಲ್ಲೂ ಇರುತ್ತದೆ, ಯಾವ ಸಾಲನ್ನು ಯಾರು ಯಾವತ್ತು ತಿದ್ದಿದರೆಂಬ ಲೆಕ್ಕವೂ ಉಳಿಯುತ್ತದೆ. ನಾಳೆ ಅದು ಮುಚ್ಚಿದರೂ ಅವೇ ಕಡತಗಳನ್ನು ಇನ್ನೊಂದು ಕಡೆ ಇಡಬಹುದು.

ಆದರೆ ಹೆಚ್ಚಿನ ಸಂಘಗಳ ತಾಣ ನಿಂತುಹೋಗುವುದು ಕಂಪನಿ ಮುಚ್ಚಿದ್ದರಿಂದಲ್ಲ, ಪಾಸ್‌ವರ್ಡ್ ಒಬ್ಬರ ಬಳಿಯೇ ಇದ್ದುದರಿಂದ. ಆ ಒಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಮದುವೆಯಾಗುತ್ತದೆ, ಫೋನ್ ನಂಬರು ಬದಲಾಗುತ್ತದೆ. ಮೊಸಳೆ ಹೊಸಳ್ಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ತಾಣ ಕಟ್ಟಬಲ್ಲ ಹೊಸ ಕೈಗಳು ವರ್ಷವರ್ಷವೂ ಬರುತ್ತವೆ, ನಾಲ್ಕು ವರ್ಷಕ್ಕೆ ಹೊರಟೂ ಹೋಗುತ್ತವೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಸಂಘದ ಹೆಸರಲ್ಲಿ ತೆರೆದು ಮರೆತ ಜಿಮೇಲ್ ಖಾತೆ ಹೋದರೆ ಅದಕ್ಕೆ ಅಂಟಿಕೊಂಡ ತಾಣ, ಚಿತ್ರ, ಕಡತ ಎಲ್ಲಕ್ಕೂ ಕುತ್ತು.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತ ಸಂಘಗಳು ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಕಾರ್ಯದರ್ಶಿ ಬದಲಾದರೆ ನಡಾವಳಿ ಪುಸ್ತಕ, ರಸೀದಿ ಪುಸ್ತಕ, ಮೊಹರು ಹೊಸಬರಿಗೆ ಸಹಿ ಸಮೇತ ಹಸ್ತಾಂತರವಾಗುತ್ತವೆ. ಅದೇ ಸಭೆಯಲ್ಲಿ, ಅದೇ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಲಿ: ತಾಣದ ಖಾತೆ ಯಾವುದು, ಅದು ಯಾವ ಇಬ್ಬರ ಬಳಿ ಇದೆ, ಕಡತಗಳ ಪ್ರತಿ ಯಾವ ಪೆನ್‌ಡ್ರೈವ್‌ನಲ್ಲಿದೆ, ಕೊನೆಯ ಸಲ ಪ್ರತಿ ಮಾಡಿದ್ದು ಯಾವ ತಾರೀಖು.