ಗೋರಿ ಸಿಗದವರ ದೆವ್ವಗಳು

ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ನಡೆದ ಸೇನಾಡಳಿತದಲ್ಲಿ ಸುಮಾರು 30,000 ಜನ ಕಣ್ಮರೆಯಾದರೆಂದು ಅಲ್ಲಿನ ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ. ಎಷ್ಟೋ ಮನೆಗಳಿಗೆ ಹೆಣವೂ ಮರಳಲಿಲ್ಲ. ಸತ್ತರೆಂದು ಅತ್ತು ಮುಗಿಸುವಂತಿಲ್ಲ, ಬರುತ್ತಾರೆಂದು ನಂಬುವಂತೆಯೂ ಇಲ್ಲ. 1973ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದ ಲೇಖಕಿ ಮರಿಯಾನಾ ಎನ್ರಿಕೆಸ್ ಬಾಲ್ಯ ಕಳೆದದ್ದು ಈ ಕಾಲದಲ್ಲಿ. ಅವರ ಭಯಾನಕ ಕಥೆಗಳನ್ನು ವಾಸ್ತವದಿಂದ ಓಡಿಹೋಗುವ ದಾರಿ ಎನ್ನುವವರಿದ್ದಾರೆ. ಆದರೆ ಇಂಥ ವಾಸ್ತವವನ್ನು ಹೇಳುವುದಕ್ಕೆ ದೆವ್ವದ ಕಥೆಗಿಂತ ತಕ್ಕ ರೂಪ ಮತ್ತೊಂದು ನನಗೆ ಕಾಣುವುದಿಲ್ಲ.

ಅವರ ಒಂದು ಕಥೆಯಲ್ಲಿ ಹುಡುಗಿಯರು ಒಯಿಜಾ ಬೋರ್ಡ್ ಮುಂದೆ ಕೂತು ಸತ್ತವರನ್ನು ಕರೆಯುತ್ತಾರೆ. ಅವರಲ್ಲೊಬ್ಬಳಿಗೆ ಬೇಕಿರುವುದು ರೋಮಾಂಚನವಲ್ಲ, ತನ್ನ ಅಪ್ಪ ಅಮ್ಮನ ದೇಹಗಳು ಎಲ್ಲಿವೆ ಎಂಬ ಮಾಹಿತಿ. ಇನ್ನೊಂದರಲ್ಲಿ, ಹಿಂದೆ ಪೊಲೀಸ್ ಶಾಲೆಯಾಗಿದ್ದ ಹೋಟೆಲಿನೊಳಗೆ ಕತ್ತಲಲ್ಲಿ ನುಸುಳಿದ ಇಬ್ಬರು ಹುಡುಗಿಯರಿಗೆ ವಾಹನಗಳ ಸದ್ದು, ಗಂಡಸರ ಕೂಗು, ಬಾಗಿಲು ಬಡಿತ ಕೇಳುತ್ತದೆ. ಓಡಿ ಬಂದ ಕೆಲಸದವರಿಗೆ ಅಲ್ಲಿ ಯಾರೂ ಕಾಣುವುದಿಲ್ಲ. ಎನ್ರಿಕೆಸ್ ಪಾಹಿನಾ 12 ಪತ್ರಿಕೆಯಲ್ಲಿ ದುಡಿದ ಪತ್ರಕರ್ತೆ. ಬೀದಿಯ ಹೆಸರು, ಬಡಾವಣೆಯ ನಾತ, ಬಸ್ಸಿನ ದಾರಿ ಎಲ್ಲವನ್ನೂ ವರದಿಗಾರ್ತಿಯ ಸಮಚಿತ್ತದಿಂದ ದಾಖಲಿಸುತ್ತಾರೆ. ಹಾಗಾಗಿಯೇ ಅನಂತರ ಬರುವ ಅಸಾಧ್ಯವನ್ನೂ ನಾವು ನಂಬಿಬಿಡುತ್ತೇವೆ.

ನಿಜವಾದ ನೋವನ್ನು ಮೈನವಿರೇಳಿಸುವ ಸರಕು ಮಾಡುವುದು ಸರಿಯೇ ಎಂಬ ಆಕ್ಷೇಪ ಹಗುರವಾದುದಲ್ಲ. 2002ರಲ್ಲಿ ಪೊಲೀಸರು ಒಬ್ಬ ತರುಣನನ್ನು ಕೊಳೆತು ಕಪ್ಪಾದ ರಿಯಾಚುಯೆಲೊ ನದಿಗೆ ಬಲವಂತವಾಗಿ ಇಳಿಸಿದ್ದರಿಂದ ಅವನು ಸತ್ತ. ಅಂಥದೇ ಕೃತ್ಯದಿಂದ ಆರಂಭವಾಗುವ ಎನ್ರಿಕೆಸ್ ಕಥೆಯಲ್ಲಿ ಸತ್ತ ಹುಡುಗ ಮರಳುತ್ತಾನೆ. ಅವನ ಜೊತೆ ಬರುವುದು ಮಾತ್ರ ನ್ಯಾಯವಲ್ಲ. ಓದುಗನಿಗೆ ಸಮಾಧಾನದ ಅಂತ್ಯ ಕೊಡದ ಈ ಬಿಗಿತನವೇ ಆ ಆಕ್ಷೇಪಕ್ಕೆ ಉತ್ತರವೆಂದು ತಿಳಿಯುತ್ತೇನೆ. ಬೀದಿಯ ಮಗು ಮತ್ತು ಒಂದು ಕೊಲೆಯ ಕುರಿತ ಅವರ ಕಥೆಯಲ್ಲಂತೂ ಭಯದ ಮೂಲ ಕೊಲೆಗಾರನಿಗಿಂತ ಹೆಚ್ಚಾಗಿ ನಿರೂಪಕಿಯಲ್ಲಿದೆ: ಎದುರಿಗೇ ಮಲಗುತ್ತಿದ್ದ ಹುಡುಗನ ಬಗ್ಗೆ ತನಗೇನೂ ಗೊತ್ತಿರಲಿಲ್ಲವೆಂದು ಆಕೆಗೆ ತಡವಾಗಿ ಅರಿವಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಇನ್ನೊಂದಿದೆ. ಮನುಷ್ಯರ ಅಪರಾಧವನ್ನು ಅತಿಮಾನುಷ ಶಕ್ತಿಯ ತಲೆಗೆ ಕಟ್ಟಿದರೆ ಅಪರಾಧಿಗಳು ಪಾರಾಗುವುದಿಲ್ಲವೇ? 2019ರಲ್ಲಿ ಎರಾಲ್ಡೆ ಪ್ರಶಸ್ತಿ ಪಡೆದ, 'ನಮ್ಮ ಪಾಲಿನ ರಾತ್ರಿ' ಎನ್ನಬಹುದಾದ ಅವರ ದೊಡ್ಡ ಕಾದಂಬರಿಯನ್ನು ಓದಿದರೆ ಈ ಅನುಮಾನ ಉಳಿಯದು. ಅಲ್ಲಿ ಸಿರಿವಂತ ಜಮೀನ್ದಾರ ಕುಟುಂಬಗಳ ಪಂಥವೊಂದು ಅತೀಂದ್ರಿಯ ಮಾಧ್ಯಮನಾದ ವ್ಯಕ್ತಿಯೊಬ್ಬನ ಮೂಲಕ ಕತ್ತಲನ್ನು ಆವಾಹಿಸಿ ನರಬಲಿ ಕೊಡುತ್ತದೆ. ಕತ್ತಲಿಗೆ ಹಸಿವು ಮಾತ್ರ. ಯಾರನ್ನು ಬಲಿ ಕೊಡಬೇಕು, ಯಾರ ಕಣ್ಮರೆಯನ್ನು ಯಾರೂ ವಿಚಾರಿಸುವುದಿಲ್ಲ ಎಂಬ ಲೆಕ್ಕ ಹಾಕುವವರು ಆ ಕುಟುಂಬಗಳೇ.