ದಾರಿ, ವೇಗ, ವೇಳೆ

ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಗಳೂ ಮದರಾಸಿನ ಕಡೆಯಿಂದ ಬಂದ ಮದರಾಸ್ ರೈಲ್ವೆಯ ಹಳಿಗಳೂ 1871ರಲ್ಲಿ ಒಂದನ್ನೊಂದು ಕೂಡಿದ್ದು ರಾಯಚೂರಿನಲ್ಲಿ. ಎದುರುಬದುರಾಗಿ ಹೊರಟ ಎರಡು ರೈಲುಗಳು ಎಲ್ಲಿ, ಯಾವಾಗ ಸಂಧಿಸುವುವೆಂಬ ಪ್ರಶ್ನೆಯು ಗಣಿತದ ಪುಸ್ತಕದಲ್ಲಿ ಕಂಡೊಡನೆ ಎದೆಗುಂದುವ ಬಾಲಕಬಾಲಿಕೆಯರು ಈ ಊರಿನಲ್ಲಿಯೂ ಇರುವುದನ್ನು ಕಂಡಾಗ, ಕಣ್ಣೆದುರಿಗಿರುವ ದಾರಿಯನ್ನೇ ನಾವು ಅವರಿಗೆ ತೋರಿಸದೆ ಹೋದೆವಲ್ಲಾ ಎಂದು ನನಗೆ ವ್ಯಥೆಯಾಗುತ್ತದೆ.

ವೇಗವನ್ನು ವೇಳೆಯಿಂದ ಗುಣಿಸಿದರೆ ದೂರವೆಂಬ ಸೂತ್ರವು ಅವರಿಗೆ ತಿಳಿಯದೆ ಇಲ್ಲ. ತೊಡಕಿರುವುದು ಸೂತ್ರದಲ್ಲಿ ಅಲ್ಲ, ಮಾತನ್ನು ಸಮೀಕರಣವನ್ನಾಗಿ ಮಾರ್ಪಡಿಸುವಲ್ಲಿ. ಪ್ರಶ್ನೆಯಲ್ಲಿ ಕಂಡ ಅಂಕೆಗಳನ್ನೆಲ್ಲ ಅವಸರದಿಂದ ಕೂಡಿಸಿ, ಕಳೆದು, ಭಾಗಿಸುವುದಕ್ಕೆ ಮೊದಲು, ‘ಇಲ್ಲಿ ಇಬ್ಬರಿಗೂ ಸಮವಾಗಿರುವುದು ಯಾವುದು, ದಾರಿಯೋ ವೇಳೆಯೋ?’ ಎಂದು ಒಮ್ಮೆ ಕೇಳಿಕೊಂಡರೆ ಕೆಲಸದ ಬಹುಭಾಗವು ಮುಗಿದಂತೆಯೇ ಸರಿ.

ದೇವದುರ್ಗದಿಂದ ಗಬ್ಬೂರಿನ ಮೇಲೆ ಹಾದು ರಾಯಚೂರಿನ ಪೇಟೆಗೆ ಬರುವ ಹತ್ತಿಯ ಬಂಡಿಯೊಂದನ್ನು ಭಾವಿಸಿಕೊಳ್ಳೋಣ. ಅದು ಬೆಳಗಿನ 6 ಗಂಟೆಗೆ ಹೊರಟು ಗಂಟೆಗೆ 4 ಕಿಲೋಮೀಟರಿನಂತೆ ಸಾಗುತ್ತಿದೆ. ಮಾಲಿನ ಚೀಟಿಯು ಮನೆಯಲ್ಲಿಯೇ ಉಳಿದುದನ್ನು 9 ಗಂಟೆಗೆ ಕಂಡ ಯಜಮಾನನು ತನ್ನ ಮಗನನ್ನು ಸೈಕಲ್ಲಿನ ಮೇಲೆ ಅಟ್ಟುತ್ತಾನೆ. ಹುಡುಗನ ವೇಗ ಗಂಟೆಗೆ 12 ಕಿಲೋಮೀಟರು. ಅವನು ಬಂಡಿಯನ್ನು ಹಿಡಿಯುವುದು ಎಷ್ಟು ಹೊತ್ತಿಗೆ? ಹಿಡಿದ ಸ್ಥಳದವರೆಗೆ ಬಂಡಿಯೂ ಸೈಕಲ್ಲೂ ನಡೆದ ದಾರಿ ಒಂದೇ. ಆದುದರಿಂದ ಇಲ್ಲಿ ಸಮವಾಗಿರುವುದು ದಾರಿ. ತಿಳಿಯದ ವೇಳೆಗೆ ಒಂದು ಹೆಸರು ಬೇಕು. ಭಾಸ್ಕರಾಚಾರ್ಯನು ಅವ್ಯಕ್ತರಾಶಿಯನ್ನು ‘ಯಾವತ್ತಾವತ್’ ಎಂದು, ಎಂದರೆ ‘ಎಷ್ಟೋ ಅಷ್ಟು’ ಎಂದು, ಕರೆದು ‘ಯಾ’ ಎಂಬ ಮೊದಲಕ್ಷರವನ್ನು ಬಳಸಿದನು. ನಮಗೂ ಅದೇ ಇರಲಿ. ಸೈಕಲ್ಲು ನಡೆದ ಗಂಟೆಗಳು ‘ಯಾ’ ಆದರೆ ಬಂಡಿಯದು ಅದಕ್ಕಿಂತ 3 ಹೆಚ್ಚು. ಸೈಕಲ್ಲಿನ ದಾರಿ 12ಯಾ, ಬಂಡಿಯದು 4ಯಾ + 12; ಇವೆರಡೂ ಸಮವಾದುದರಿಂದ 8ಯಾ = 12, ‘ಯಾ’ ಎಂಬುದು ಒಂದೂವರೆ ಗಂಟೆ. ಹತ್ತೂವರೆಗೆ, ದೇವದುರ್ಗದಿಂದ 18 ಕಿಲೋಮೀಟರಿನಲ್ಲಿ, ಚೀಟಿಯು ಬಂಡಿಯವನ ಕೈಸೇರುತ್ತದೆ. ಆ 8 ಎಂಬ ಅಂಕೆಯನ್ನು ಮಕ್ಕಳು ಕ್ಷಣಕಾಲ ನಿಂತು ನೋಡಬೇಕು: ಹುಡುಗನು ಒಂದೊಂದು ಗಂಟೆಗೂ ಬಂಡಿಗೆ ಸಮೀಪವಾಗುತ್ತ ಬಂದ ದೂರವದು.

ಒಂದೇ ಹೊತ್ತಿಗೆ ಹೊರಟು ಎದುರುಬದುರಾಗಿ ಬರುವ ವಾಹನಗಳಲ್ಲಿ ಸಮವಾಗಿರುವುದು ವೇಳೆ. ಅಲ್ಲಿ ವೇಗಗಳನ್ನು ಕಳೆಯುವುದಕ್ಕೆ ಬದಲಾಗಿ ಕೂಡಬೇಕು, ಅಷ್ಟೆ.

ಈ ವಿದ್ಯೆಯು ನಮ್ಮ ನೆಲಕ್ಕೆ ಹೊಸತಲ್ಲ. ರಾಯಚೂರಿನಿಂದ ಕೃಷ್ಣೆಯನ್ನು ದಾಟಿ ಉತ್ತರಕ್ಕೆ ನಡೆದರೆ ಸಿಗುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿದ್ದಾಗ, 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಮುಂದೆ ಬಿಲವನ್ನು ಹೊಗುತ್ತಿರುವಾಗಲೇ ಹಿಂದೆ ಬಾಲ ಬೆಳೆಯುತ್ತಿರುವ ಹಾವು ಪೂರ್ತಿಯಾಗಿ ಒಳಸೇರುವುದು ಯಾವಾಗ ಎಂಬ ಲೆಕ್ಕವು ಅದರಲ್ಲುಂಟು. ದಿನದಿನಕ್ಕೂ ಸಮನಾಗಿ ವೇಗವನ್ನು ಹೆಚ್ಚಿಸಿಕೊಳ್ಳುವ ಪಥಿಕನೊಬ್ಬನು ಒಂದೇ ವೇಗದಲ್ಲಿ ನಡೆಯುವ ಇನ್ನೊಬ್ಬನನ್ನು ಕೂಡಿಕೊಳ್ಳುವ ದಿನವನ್ನು ಕಾಣುವ ಸೂತ್ರವೂ ಇದೆ. ಒಬ್ಬನು ನಿತ್ಯವೂ 8 ಮೈಲಿ ನಡೆಯಲಿ. ಜೊತೆಗೇ ಹೊರಟ ಇನ್ನೊಬ್ಬನು ಮೊದಲ ದಿನ 3 ಮೈಲಿ ನಡೆದು ಪ್ರತಿದಿನವೂ 2 ಮೈಲಿಯನ್ನು ಹೆಚ್ಚಿಸಲಿ. ಆರನೆಯ ದಿನದ ಕೊನೆಗೆ ಇಬ್ಬರೂ 48 ಮೈಲಿಯ ಮೇಲೆ ಒಂದಾಗಿರುತ್ತಾರೆ. ಮೂರು, ಐದು, ಏಳು, ಒಂಬತ್ತು, ಹನ್ನೊಂದು, ಹದಿಮೂರು ಎಂದು ಕೂಡಿನೋಡುವ ಮಗುವಿನ ಮುಖ ಅರಳುವುದನ್ನು ಕಾಣುವುದೇ ಒಂದು ಭಾಗ್ಯ.

ದೊಡ್ಡವರೂ ಎಡವುವ ಒಂದು ಲೆಕ್ಕವನ್ನು ಹೇಳದೆ ಬಿಡಲಾರೆ. ರಾಯಚೂರಿನಿಂದ ಮಾನ್ವಿಗೆ 48 ಕಿಲೋಮೀಟರೆಂದು ಲೆಕ್ಕದ ಸೌಲಭ್ಯಕ್ಕಾಗಿ ಇಟ್ಟುಕೊಳ್ಳೋಣ. ಹೋಗುವಾಗ ಗಂಟೆಗೆ 60, ಬರುವಾಗ 40 ಕಿಲೋಮೀಟರಿನಂತೆ ಬಸ್ಸು ಓಡಿದರೆ ಸರಾಸರಿ ವೇಗವು 50 ಎಂದು ಯಾರಾದರೂ ಹೇಳಿಬಿಡುತ್ತಾರೆ. ಆದರೆ ಹೋಗುವುದಕ್ಕೆ 48 ನಿಮಿಷ, ಬರುವುದಕ್ಕೆ 72 ನಿಮಿಷ, ಒಟ್ಟು ಎರಡು ಗಂಟೆಯಲ್ಲಿ 96 ಕಿಲೋಮೀಟರು, ಸರಾಸರಿಯು 48. ಎರಡು ಪಯಣಗಳಲ್ಲಿ ಸಮವಾಗಿದ್ದುದು ದಾರಿ, ವೇಳೆಯಲ್ಲ; ನಿಧಾನದ ವೇಗದಲ್ಲಿಯೇ ಬಸ್ಸು ಹೆಚ್ಚು ಹೊತ್ತು ಓಡಿದುದರಿಂದ ಸರಾಸರಿಯು ಅತ್ತ ಕಡೆಗೆ ಬಾಗಿತು.

ಮುಂದಿನ ಸಲ ಮಾನ್ವಿಯ ಬಸ್ಸನ್ನು ಹತ್ತಿದಾಗ, ಪಕ್ಕದಲ್ಲಿ ಕುಳಿತ ಮಗುವಿಗೆ ಕಿಟಕಿಯ ಕಡೆಯ ಜಾಗವನ್ನು ಬಿಟ್ಟುಕೊಟ್ಟು, ಕೈಗೆ ಗಡಿಯಾರವನ್ನಿತ್ತು, ದಾರಿಯ ಬದಿಯ ಕಿಲೋಮೀಟರಿನ ಕಲ್ಲುಗಳನ್ನು ನೋಡುತ್ತ ಹೋಗುವಂತೆ ಹೇಳಿರಿ. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ 90 ಸೆಕೆಂಡು ಹಿಡಿದರೆ ಬಸ್ಸಿನ ವೇಗ ಗಂಟೆಗೆ 40 ಕಿಲೋಮೀಟರು.