ಮಿಕ್ಕಿ ಮೌಸ್ ಮನೆಯಲ್ಲೊಂದು ಗ್ಲಾಸು
ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರಲ್ಲಿ. ಟಿಕೆಟ್ ಕೊಂಡು ಒಳಗೆ ಹೋದ ಸಾಮಾನ್ಯರಿಗೆ ಅಲ್ಲಿ ಮದ್ಯ ಸಿಗತೊಡಗಿದ್ದು 2019ರ ಮೇ ಕೊನೆಯಲ್ಲಿ, ‘ಸ್ಟಾರ್ ವಾರ್ಸ್’ ವಿಭಾಗದ ಓಗಾಸ್ ಕ್ಯಾಂಟೀನಾ ಎಂಬ ಬಾರ್ ತೆರೆದಾಗ. ಮಕ್ಕಳನ್ನು ಹೊರಗೆ ನಿಲ್ಲಿಸದ ಬಾರ್ ಇದು. ಅಪ್ಪ ಅಮ್ಮ ಕಾಕ್‌ಟೇಲ್ ಹಿಡಿದು ನಿಂತ ಮೇಜಿನಲ್ಲೇ ಮಗಳು ಬಿಸ್ಕತ್ತು ಕೂರಿಸಿದ ನೀಲಿ ಹಾಲು ಕುಡಿಯುತ್ತಾಳೆ. ಹಾಡು ಹಾಕುವುದು ಒಂದು ರೋಬಾಟ್. 1987ರಲ್ಲಿ ಬಂದ ‘ಸ್ಟಾರ್ ಟೂರ್ಸ್’ ಆಟದಲ್ಲಿ ನೌಕೆ ನಡೆಸುತ್ತಿದ್ದ ಪೈಲಟ್ಟೇ ಇಲ್ಲಿ ಡಿಜೆ! ಚಿಕ್ಕಂದಿನಲ್ಲಿ ಅದರ ನೌಕೆ ಹತ್ತಿದವರು ಈಗ ತಮ್ಮ ಮಕ್ಕಳಿಗೆ ಅದನ್ನು ತೋರಿಸಬಹುದು. ಫಜ್ಜಿ ಟಾಂಟಾನ್ ಎಂಬ ಪಾನೀಯದ ಸಂಗತಿಯಂತೂ ಹೇಳಲೇಬೇಕು. ಪೀಚ್ ವೋಡ್ಕಾ, ಕಿತ್ತಳೆ ರಸ, ಮೇಲೆ ಬಿಳಿ ನೊರೆ. ಆ ನೊರೆ ತಾಗಿದೊಡನೆ ತುಟಿ ಜುಮ್ಮೆನ್ನುತ್ತದೆ, ನಾಲಿಗೆ ತುಸು ಮರಗಟ್ಟುತ್ತದೆ. ಹಲ್ಲುನೋವಿಗೆ ಜಗಿಯುವ ಗಿಡದ ಹಳದಿ ಮೊಗ್ಗಿನ ಗುಣ ಅದು. ನಲವತ್ತು ದಾಟಿದವರನ್ನೂ ಮಗುವಿನ ಹಾಗೆ ಬೆರಗುಗೊಳಿಸುವ ಈ ಗ್ಲಾಸು ಪಾರ್ಕಿನ ಇತರ ಆಟಗಳ ಸಾಲಿಗೇ ಸೇರುತ್ತದೆ ಎಂಬುದು ನನ್ನ ವಾದ. ಅದಕ್ಕೊಂದು ಶಿಸ್ತೂ ಇತ್ತು: ತೆರೆದ ಹೊಸದರಲ್ಲಿ ಒಬ್ಬರಿಗೆ ಎರಡೇ ಗ್ಲಾಸು, 45 ನಿಮಿಷ ಸಮಯ, ಗ್ಲಾಸು ಹಿಡಿದು ಹೊರಗೆ ಹೋಗುವಂತಿಲ್ಲ.

ಮದ್ಯ ಬಂದರೆ ಪುಂಡರು ಬರುತ್ತಾರೆ ಎಂಬುದು ಡಿಸ್ನಿಲ್ಯಾಂಡ್ ಕಟ್ಟಿದ ವಾಲ್ಟ್ ಡಿಸ್ನಿಯ ಅಂಜಿಕೆಯಾಗಿತ್ತು. ಸಂಜೆ ಸ್ಕಾಚ್ ಸವಿಯುತ್ತಿದ್ದ ಮನುಷ್ಯ ಪಾರ್ಕಿನಲ್ಲಿ ಬಿಯರನ್ನೂ ಬಿಡಲಿಲ್ಲ. ಕೊಳಕು ಜಾತ್ರೆ ಮೈದಾನಗಳನ್ನು ಕಂಡು ಬೇಸತ್ತವನ ಎಚ್ಚರಿಕೆ ಅದು, ಅದಕ್ಕೆ ನನ್ನ ಗೌರವವಿದೆ. ಆದರೆ ಅವನೇ ಹೋಗಿ ಮೆಚ್ಚಿ ಬಂದಿದ್ದ ಕೋಪನ್‌ಹೇಗನ್ನಿನ ಟಿವೋಲಿ 1843ರಿಂದ ನಡೆದುಬಂದ ಉದ್ಯಾನ. ಅಲ್ಲಿ ಊಟದ ಮೇಜಿಗೆ ಬಿಯರ್ ಬರುತ್ತದೆ, ಪಕ್ಕದಲ್ಲೇ ಮಕ್ಕಳ ತಿರುಗುಕುದುರೆ ಸುತ್ತುತ್ತದೆ. ಇನ್ನು ಡಿಸ್ನಿಲ್ಯಾಂಡಿನ ನಿಷೇಧ ಎಲ್ಲರಿಗೂ ಒಂದೇ ಆಗಿರಲಿಲ್ಲ. 1967ರಲ್ಲಿ ಪಾರ್ಕಿನೊಳಗೇ ತೆರೆದ ಕ್ಲಬ್ 33 ಎಂಬ ಖಾಸಗಿ ಕ್ಲಬ್ಬಿನಲ್ಲಿ ಸದಸ್ಯರಿಗೆ ಮದ್ಯ ಸಿಗುತ್ತಿತ್ತು. ಹೊರಗಿನವರು 52 ವರ್ಷ ಕಾಯಬೇಕಾಯಿತು. ಸಭ್ಯತೆ ಸದಸ್ಯತ್ವದ ಹಣದಿಂದ ಬರುತ್ತದೆಂದು ನಂಬುವವರಿಗೆ ಮಾತ್ರ ಇದು ಸರಿಯೆನಿಸೀತು. 1992ರಲ್ಲಿ ಪ್ಯಾರಿಸ್ ಬಳಿ ತೆರೆದ ಡಿಸ್ನಿ ಪಾರ್ಕಿನಲ್ಲೂ ಮದ್ಯ ನಿಷೇಧ ಹೇರಿದಾಗ ವೈನಿಲ್ಲದ ಊಟಕ್ಕೆ ಫ್ರೆಂಚರು ಮುನಿದರು, ಮರುವರ್ಷವೇ ಕಂಪನಿ ಮಣಿಯಿತು. ಫ್ಲೋರಿಡಾದ ಡಿಸ್ನಿ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್ 2012ರಲ್ಲಿ ಒಂದೇ ಹೋಟೆಲಿನಲ್ಲಿ, ರಾತ್ರಿಯೂಟದ ಜೊತೆ ಮಾತ್ರ, ವೈನ್ ಮತ್ತು ಬಿಯರ್ ಕೊಡತೊಡಗಿತು.

ಹಾಗಾದರೆ ಫ್ಲೋರಿಡಾದ ಇನ್ನೊಂದು ಡಿಸ್ನಿ ಪಾರ್ಕಾದ ಎಪ್‌ಕಾಟ್ ನೋಡಿ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. 1982ರಲ್ಲಿ ತೆರೆದ ಆ ಪಾರ್ಕಿನಲ್ಲಿ ಕೊಳದ ಸುತ್ತ ಮೆಕ್ಸಿಕೋದಿಂದ ಕೆನಡಾವರೆಗೆ 11 ದೇಶಗಳ ಮಂಟಪಗಳಿವೆ. ಮೆಕ್ಸಿಕೋದಲ್ಲಿ ಮಾರ್ಗರಿಟಾ, ಜರ್ಮನಿಯಲ್ಲಿ ಬಿಯರ್, ಜಪಾನಿನಲ್ಲಿ ಸಾಕೆ ಎಂದು ದೇಶಕ್ಕೊಂದರಂತೆ ಕುಡಿದು ಸುತ್ತು ಮುಗಿಸುವ ಪಂಥ ಅಲ್ಲಿ ಹುಟ್ಟಿಕೊಂಡಿದೆ. ಫ್ಲೋರಿಡಾದ ಬಿಸಿಲಿನಲ್ಲಿ ಹನ್ನೊಂದು ಗ್ಲಾಸು ಇಳಿಸುವುದು ಸಂತೋಷವಲ್ಲ, ಹಟ. ಪಕ್ಕದ ಮಗುವಿನ ದಿನವನ್ನೂ ಕೆಡಿಸುವ ಹಟ. ಆದರೂ ಇದರಿಂದ ನಿಷೇಧದ ವಾದ ಗೆಲ್ಲುವುದಿಲ್ಲ. ಎಪ್‌ಕಾಟಿನಲ್ಲಿ ಗ್ಲಾಸು ಹಿಡಿದು ನಡೆಯಲು ಬಿಟ್ಟಿದ್ದಾರೆ, ಒಬ್ಬರಿಗೆ ಒಟ್ಟು ಎಷ್ಟಾಯಿತೆಂದು ಲೆಕ್ಕ ಇಡುವವರಿಲ್ಲ. ತೊಂದರೆಯ ಬೇರು ಅಲ್ಲಿದೆ. ಒಂದೆಡೆ ಕೂತು, ಊಟದ ಜೊತೆ, ಗೊತ್ತಾದ ಅಳತೆಯಲ್ಲಿ ಕುಡಿಯುವವರಿಗೆ ಪಂಥ ಕಟ್ಟಲು ಅವಕಾಶ ಸಿಗುವುದು ಕಷ್ಟ.

ಮಕ್ಕಳೆದುರು ಕುಡಿಯುವುದೇ ತಪ್ಪು ಎಂಬ ಆಕ್ಷೇಪ ಇನ್ನೂ ಆಳದ್ದು. ಕುಡಿತದಿಂದ ನೊಂದ ಮನೆಗಳಲ್ಲಿ ಬೆಳೆದವರ ಮಾತಾಗಿದ್ದರೆ ಅದಕ್ಕೆ ಎದುರಾಡುವುದು ಸುಲಭವಲ್ಲ. ಆದರೂ ಕದ್ದು ಕುಡಿದು ಬರುವ ದೊಡ್ಡವರನ್ನು ಕಾಣುವುದಕ್ಕಿಂತ, ಒಂದು ಗ್ಲಾಸಿಗೆ ಸಾಕುಮಾಡಿ ಮತ್ತೆ ಕ್ಯೂಗೆ ಬಂದು ನಿಲ್ಲುವ ಅಮ್ಮನನ್ನು ಕಾಣುವುದು ಮಗುವಿಗೆ ಒಳ್ಳೆಯದೆಂದೇ ನಾನು ತಿಳಿಯುತ್ತೇನೆ. ನನಗಿರುವ ನಿಜವಾದ ಆತಂಕ ವಾಪಸು ಹೋಗುವ ದಾರಿಯದು. ಫ್ಲೋರಿಡಾದಲ್ಲಿ ಡಿಸ್ನಿ ಹೋಟೆಲುಗಳಲ್ಲಿ ಉಳಿದವರಿಗೆ ಕಂಪನಿಯ ಬಸ್ಸುಗಳಿವೆ. ಡಿಸ್ನಿಲ್ಯಾಂಡಿಗೆ ಸುತ್ತಲ ಊರುಗಳಿಂದ ಬರುವವರಲ್ಲಿ ಬಹಳಷ್ಟು ಮಂದಿ ರಾತ್ರಿ ತಮ್ಮ ಕಾರು ತಾವೇ ಓಡಿಸಿಕೊಂಡು ಹೋಗಬೇಕು. ಆದರೂ ಪಾರ್ಕಿನೊಳಗೆ ಊಟ ಬಡಿಸುವ ಇನ್ನಷ್ಟು ಹೋಟೆಲುಗಳಿಗೆ ಮದ್ಯ ಬರಲಿ. ಎರಡು ಗ್ಲಾಸಿನ ಮಿತಿಯನ್ನು ಮಾತ್ರ ಅಲ್ಲಿ ಯಾರೂ ಸಡಿಲಿಸಬಾರದು.